ಐದು ತೂತುಗಳ ಸಾಕ್ಷ್ಯ

ಒಮ್ಮೆ ಹಾರಿಸಿದ ರೈಫಲ್ ತೋಟೆಯಿಂದ ಉಳಿಯುವ ಹಿತ್ತಾಳೆಯ ಕೇಸನ್ನು ಕೈಗೆತ್ತಿಕೊಂಡು ನೋಡಿದರೆ, ಗುಂಡನ್ನು ಹಿಡಿದಿದ್ದ ಅದರ ಕತ್ತಿನ ಸುತ್ತ ತೆಳುವಾದ ಮಸಿ ಹತ್ತಿರುವುದು ಕಾಣುತ್ತದೆ. ಮದ್ದು ಉರಿದಾಗ ಏಳುವ ಸಾವಿರಾರು ವಾತಾವರಣಗಳಷ್ಟು ಒತ್ತಡಕ್ಕೆ ಕೇಸು ಹಿಗ್ಗಿ, ನಳಿಗೆಯ ಬುಡದಲ್ಲಿ ತಾನು ಕುಳಿತ ಕೋಣೆಯ ಗೋಡೆಗೆ ಒತ್ತಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಹಾಗೆ ಒತ್ತಿಕೊಳ್ಳುವ ಮುನ್ನ ಒಂದಿಷ್ಟು ಹೊಗೆ ನುಸುಳಿದ ಗುರುತೇ ಆ ಮಸಿ.

ತೋಟೆಗಳನ್ನು ಕೈಯಾರೆ ತುಂಬಿಕೊಳ್ಳುವ ಗುರಿಕಾರರು ಈ ಕೇಸನ್ನು ಅಚ್ಚಿಗೆ ಒತ್ತಿ ಹಳೆಯ ಅಳತೆಗೆ ತಂದು ಮತ್ತೆ ಬಳಸುತ್ತಾರೆ. ಸುಮಾರು 70 ಪಾಲು ತಾಮ್ರ, 30 ಪಾಲು ಸತುವಿನ ಈ ಹಿತ್ತಾಳೆ ಪ್ರತಿ ಸಲ ಹಿಗ್ಗಿ ಕುಗ್ಗಿದಾಗಲೂ ಗಡುಸಾಗುತ್ತದೆ. ಗಡುಸಾದ ಕತ್ತು ಅಚ್ಚಿನಿಂದ ಹೊರಬಂದ ಮೇಲೆ ತುಸು ಹಿಂದಕ್ಕೆ ಪುಟಿಯುವುದರಿಂದ ಗುಂಡಿನ ಮೇಲಿನ ಹಿಡಿತ ಕೇಸಿನಿಂದ ಕೇಸಿಗೆ ಬೇರೆಯಾಗುತ್ತದೆ. ಆದ್ದರಿಂದಲೇ ಕೆಲವರು ಕತ್ತನ್ನು ಕಾಯಿಸಿ ಮೆದುಗೊಳಿಸುತ್ತಾರೆ, ಕೆಲವರು ಅದರ ಗೋಡೆಯನ್ನು ಕೆತ್ತಿ ಸಮ ಮಾಡುತ್ತಾರೆ, ಇನ್ನು ಕೆಲವರು ಕೇಸುಗಳನ್ನು ತೂಗಿ ವಿಂಗಡಿಸುತ್ತಾರೆ. ತೂಕದ ವಿಂಗಡಣೆಯ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ: ಒತ್ತಡವನ್ನು ನಿರ್ಧರಿಸುವುದು ಒಳಗಿನ ಜಾಗ, ಆದರೆ ತೂಕದ ವ್ಯತ್ಯಾಸ ಬುಡದ ಅಂಚಿನಲ್ಲೋ ಅಲ್ಲಿನ ತೋಡಿನಲ್ಲೋ ಅಡಗಿರಬಹುದು. ಕೇಸಿಗೆ ಅಂಚಿನವರೆಗೆ ನೀರು ತುಂಬಿ ತೂಗುವುದು ಬೇಸರದ ಕೆಲಸವಾದರೂ ನೇರವಾದ ಅಳತೆ.

ಇಂಥ ಒಂದು ಬದಲಾವಣೆ ಮಾಡಿ, ಐದು ಗುಂಡು ಹಾರಿಸಿ, ತೂತುಗಳ ಗುಂಪು 30 ಮಿ.ಮೀ.ನಿಂದ 22 ಮಿ.ಮೀ.ಗೆ ಇಳಿಯಿತೆಂದು ಹಿಗ್ಗುವವರು ಬಹಳ. ಏನನ್ನೂ ಬದಲಿಸದೆ ಅದೇ ತೋಟೆಗಳಿಂದ ಐದೈದರ ಗುಂಪುಗಳನ್ನು ಹಾರಿಸುತ್ತ ಹೋದರೂ, ಸರಾಸರಿ 30 ಮಿ.ಮೀ. ಇರುವಲ್ಲಿ 22 ಮಿ.ಮೀ.ನ ಗುಂಪೂ 38 ಮಿ.ಮೀ.ನ ಗುಂಪೂ ಆಗಾಗ ಬರುತ್ತಲೇ ಇರುತ್ತವೆ. ಅತಿ ದೂರದ ಎರಡು ತೂತುಗಳ ನಡುವಿನ ಅಂತರವನ್ನಷ್ಟೇ ಅಳೆಯುವ ರೂಢಿ ಇದಕ್ಕೆ ಇನ್ನಷ್ಟು ನೆರವಾಗುತ್ತದೆ. ಉಳಿದ ಮೂರು ತೂತುಗಳು ಎಲ್ಲಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಗುಂಪಿನ ನಡುಬಿಂದುವಿನಿಂದ ಪ್ರತಿ ತೂತಿನ ದೂರವನ್ನು ಅಳೆದು ಸರಾಸರಿ ತೆಗೆದರೆ ಅಷ್ಟೇ ಮದ್ದು ಖರ್ಚಿನಲ್ಲಿ ಹೆಚ್ಚು ಮಾಹಿತಿ ಸಿಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ದೋಷಗಳು ಕೂಡುವ ರೀತಿಯಲ್ಲಿದೆ. ಒಂದಕ್ಕೊಂದು ಸಂಬಂಧವಿಲ್ಲದ ದೋಷಗಳು ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ. ನಳಿಗೆ, ಗುಂಡು, ಗಾಳಿ, ಗುರಿಕಾರನ ಕೈ ಇವೆಲ್ಲ ಸೇರಿ 10 ಮಿ.ಮೀ. ಚದುರಿಕೆ ತರುತ್ತವೆ, ಕತ್ತಿನ ಹಿಡಿತದ ಏರುಪೇರು 3 ಮಿ.ಮೀ. ತರುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು ಚದುರಿಕೆ 13 ಮಿ.ಮೀ. ಆಗದೆ, 100 ಮತ್ತು 9ರ ಮೊತ್ತದ ವರ್ಗಮೂಲ, ಅಂದರೆ ಸುಮಾರು 10.4 ಮಿ.ಮೀ. ಆಗುತ್ತದೆ. ಕತ್ತಿನ ದೋಷವನ್ನು ಪೂರ್ತಿ ಅಳಿಸಿಹಾಕಿದರೂ ಉಳಿತಾಯ ಶೇ. 4ರಷ್ಟು ಮಾತ್ರ.

ಕೇಸಿನ ಪ್ರಭಾವ ಇಲ್ಲವೆಂದಲ್ಲ, ಅದು ಗುಂಡಿನ ವೇಗದಲ್ಲಿ ಕಾಣುತ್ತದೆ. ಸೆಕೆಂಡಿಗೆ 800 ಮೀಟರಿನ ಆಸುಪಾಸಿನ ವೇಗದಲ್ಲಿ 10 ಮೀಟರ್ ವ್ಯತ್ಯಾಸವಾದರೆ 100 ಮೀಟರ್ ದೂರದಲ್ಲಿ ಗುಂಡು ಎರಡು ಮಿ.ಮೀ.ನಷ್ಟು ಮೇಲೆ ಕೆಳಗೆ ಬೀಳಬಹುದು. 600 ಮೀಟರಿನಲ್ಲಿ ಅದೇ ವ್ಯತ್ಯಾಸ ಸುಮಾರು 10 ಸೆಂ.ಮೀ. ಆಗುತ್ತದೆ. ಹೀಗಾಗಿ ಹತ್ತಿರದ ಗುರಿಹಲಗೆಗಿಂತ ವೇಗಮಾಪಕವೇ ಕೇಸಿನ ಗುಣವನ್ನು ಚೆನ್ನಾಗಿ ತೋರಿಸುತ್ತದೆ.

ಪರೀಕ್ಷೆ ನಂಬಿಕೆಗೆ ತಕ್ಕದ್ದಾಗಬೇಕಾದರೆ ಒಂದೇ ತಯಾರಿಕೆಯ ಕೇಸುಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, ಒಂದು ಪಾಲಿನಲ್ಲಿ ಒಂದನ್ನು ಮಾತ್ರ ಬದಲಿಸಬೇಕು. ಮೊದಲ ಪಾಲನ್ನೆಲ್ಲ ಮುಗಿಸಿ ಎರಡನೆಯದಕ್ಕೆ ಕೈಹಾಕಿದರೆ, ಅಷ್ಟರಲ್ಲಿ ನಳಿಗೆ ಕಾದಿರುತ್ತದೆ, ಒಳಗೆ ಕಿಟ್ಟ ಕಟ್ಟಿರುತ್ತದೆ, ಗಾಳಿಯೂ ತಿರುಗಿರಬಹುದು. ಆದ್ದರಿಂದ ಎರಡನ್ನೂ ಬೆರೆಸಿ ಹಾರಿಸಬೇಕು. ಯಾವ ತೋಟೆ ಯಾವುದೆಂದು ಗುರಿಕಾರನಿಗೆ ತಿಳಿಯದಂತೆ ಇನ್ನೊಬ್ಬರು ಒಂದೊಂದಾಗಿ ಕೈಗಿತ್ತು ಬರೆದುಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಕಷ್ಟಪಟ್ಟು ಕೆತ್ತಿದ ಕೇಸು ಎಂದು ತಿಳಿದಾಗ ಬೆರಳು ರೈಫಲ್ಲಿನ ಕುದುರೆಯನ್ನು (ಟ್ರಿಗರ್) ಇನ್ನಷ್ಟು ಮೃದುವಾಗಿ ಎಳೆಯುತ್ತದೆ.

ಎಷ್ಟು ಗುಂಡು ಸಾಕು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಹಿತವಾದುದಲ್ಲ. ಪಾಲಿಗೆ 20ರಂತೆ ಹಾರಿಸಿದರೆ ಚದುರಿಕೆಯಲ್ಲಿ ಶೇ. 30ರಷ್ಟು ವ್ಯತ್ಯಾಸವಿದ್ದರಷ್ಟೇ ಅದು ಬೇರೆಯಾಗಿ ಕಾಣುತ್ತದೆ. ಶೇ. 10ರ ವ್ಯತ್ಯಾಸವನ್ನು ಹಿಡಿಯಲು ಪಾಲಿಗೆ ಸುಮಾರು 200 ಬೇಕು, ಮೇಲೆ ಹೇಳಿದ ಶೇ. 4ಕ್ಕೆ ಸಾವಿರಕ್ಕೂ ಹೆಚ್ಚು. ಅಷ್ಟು ಹಾರಿಸುವ ಹೊತ್ತಿಗೆ ಬಿಸಿ ಅನಿಲಕ್ಕೆ ಗುಂಡು ಕೋಣೆಯಿಂದ ನಳಿಗೆಗೆ ಹೊಗುವ ಜಾಗವೇ ಸವೆಯತೊಡಗಿರುತ್ತದೆ, ಪರೀಕ್ಷೆ ಶುರುಮಾಡಿದ ರೈಫಲ್ಲು ಆಗ ಅದೇ ರೈಫಲ್ಲಾಗಿ ಉಳಿದಿರುವುದಿಲ್ಲ.