ರಿಗರ್, ರಿಗರ್ಸ್: ಒಂದು 'ಎಸ್' ಸೇರಿದರೆ ಅರ್ಥ ಎಲ್ಲಿಗೆ ಹೋಗುತ್ತದೆ?

ಡಿಕ್ಷನರಿ ತೆಗೆದರೆ 'ರಿಗರ್' ಅನ್ನುವ ಇಂಗ್ಲಿಷ್ ಪದದ ಎದುರು ಕಟ್ಟುನಿಟ್ಟು ಅಂತಲೂ ಇದೆ, ಕಷ್ಟ ಅಂತಲೂ ಇದೆ. ಯಾವಾಗ ಯಾವುದು ಅಂತ ಬಿಡಿಸಿಕೊಳ್ಳುವುದಕ್ಕೆ ತುಂಬಾ ಹೊತ್ತು ಹಿಡಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ, ಪರೀಕ್ಷೆಗೆ ಓದುತ್ತಿರುವವರಿಗೂ ಆದೀತು.

ಪದದ ಮೂಲ ಲ್ಯಾಟಿನ್, ಅಲ್ಲಿ ಇದರರ್ಥ ಸೆಟೆತ. 'ರಿಜಿಡ್' ಕೂಡ ಇದರ ನೆಂಟ. ಸತ್ತ ಮೇಲೆ ಮೈ ಸೆಟೆದುಕೊಳ್ಳುತ್ತದಲ್ಲ, ಅದು 'ರಿಗರ್ ಮಾರ್ಟಿಸ್'. ಬಿಗಿದ ಸ್ನಾಯು ಸಡಿಲವಾಗಲು ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅನ್ನುವ ಅಣು ಬೇಕು, ಸತ್ತ ದೇಹದಲ್ಲಿ ಅದು ಮುಗಿದುಹೋಗುತ್ತದೆ. ಮಲೇರಿಯಾ ಬಂದಾಗ ಮೈ ಗಡಗಡ ನಡುಗುವುದಕ್ಕೂ ಡಾಕ್ಟರುಗಳು ರಿಗರ್ ಅನ್ನುತ್ತಾರೆ.

ಈಗ ನಿಜವಾದ ತೊಡಕು. ಏಕವಚನದ ರಿಗರ್ ಸಾಮಾನ್ಯವಾಗಿ ಕಟ್ಟುನಿಟ್ಟು, ಅದೂ ಬೇಕೆಂದೇ ಇಟ್ಟುಕೊಂಡದ್ದು. 19ನೇ ಶತಮಾನದಲ್ಲಿ ಗಣಿತಜ್ಞರಾದ ಕೋಶಿ, ವೈಯರ್‌ಸ್ಟ್ರಾಸ್ ಕ್ಯಾಲ್ಕುಲಸ್‌ಗೆ ರಿಗರ್ ತಂದರು ಅಂತ ಓದುತ್ತೇವೆ. ಲಿಮಿಟ್ ಅಂದರೆ 'ಹತ್ತಿರ ಹತ್ತಿರ ಹೋಗುತ್ತದೆ' ಅಂತ ಸುಮ್ನೆ ಹೇಳಿದರೆ ಸಾಲದು, ಎಷ್ಟು ಹತ್ತಿರ ಅಂತ ಎಪ್ಸಿಲಾನ್, ಡೆಲ್ಟಾ ಅನ್ನುವ ಪುಟ್ಟ ಅಳತೆಗಳನ್ನು ಹಿಡಿದು ತೋರಿಸಬೇಕು, ಅದೇ ಆ ಬಿಗಿ. ಇಲ್ಲಿ 'ಕಷ್ಟ ತಂದರು' ಅಂತ ಅರ್ಥ ಮಾಡಿದರೆ ಹೊಗಳಿಕೆ ಹೋಗಿ ದೂರು ಆಗಿಬಿಡುತ್ತದೆ.

ಬಹುವಚನ ಬೇರೆ. 'ದ ರಿಗರ್ಸ್ ಆಫ್ ಸಿಯಾಚಿನ್' ಅಂದರೆ ಮೈನಸ್ 50 ಡಿಗ್ರಿವರೆಗೂ ಇಳಿಯುವ ಚಳಿ, ತೆಳುವಾದ ಗಾಳಿ, ಹಿಮಕುಸಿತ. ಇದು ಯಾರೋ ಮಾಡಿದ ನಿಯಮವಲ್ಲ, ಅಲ್ಲಿನ ಸೈನಿಕ ಸಹಿಸುವ ಪಾಡು. ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಬಿಗಿಯನ್ನು ಪಾಲಿಸುತ್ತಿದ್ದಾರಾ, ಅನುಭವಿಸುತ್ತಿದ್ದಾರಾ? ಪಾಲಿಸಿದರೆ ರಿಗರ್, ಅನುಭವಿಸಿದರೆ ರಿಗರ್ಸ್. 'ದ ರಿಗರ್ಸ್ ಆಫ್ ಟ್ರೈನಿಂಗ್' ಅಂದಾಗ ತರಬೇತಿಯಲ್ಲಿ ಶಿಸ್ತು ಇದ್ದೇ ಇದೆ, ಆದರೆ ಮಾತು ನಡೆಯುತ್ತಿರುವುದು ಮೈಮನಸ್ಸು ಪಡುವ ದಣಿವಿನ ಬಗ್ಗೆ. 'ಆಫ್' ನೋಡಿ ತೀರ್ಮಾನಿಸಬೇಡಿ. 'ದ ಫುಲ್ ರಿಗರ್ ಆಫ್ ದ ಲಾ' ಅನ್ನುವಲ್ಲೂ ಆಫ್ ಇದೆ, ಆದರೂ ಅದು ಏಕವಚನ. ಕಾನೂನನ್ನು ಒಂಚೂರೂ ಸಡಿಲಿಸದೆ ಜಾರಿ ಮಾಡುವುದು ಅಂತ ಅರ್ಥ. ಕಣ್ಣು ಕೊನೆಯ ಎಸ್ ಮೇಲಿರಲಿ.

ವಿಶೇಷಣ 'ರಿಗರಸ್'. ಪೇಪರ್‌ನಲ್ಲಿ 'ಕಠಿಣ ಸಜೆ' ಅಂತ ಬರುವುದು ರಿಗರಸ್ ಇಂಪ್ರಿಸನ್‌ಮೆಂಟ್. ಹಳೆಯ ಐಪಿಸಿಯ 53ನೇ ಸೆಕ್ಷನ್‌ನಲ್ಲಿ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 4ನೇ ಸೆಕ್ಷನ್‌ನಲ್ಲಿ, ಹೀಗೆಂದರೆ ಕಠಿಣ ದುಡಿಮೆ ಸೇರಿದ ಸಜೆ ಅಂತ ಸ್ಪಷ್ಟವಾಗಿದೆ. ದುಡಿಮೆ ಇಲ್ಲದ್ದು ಸಾದಾ ಸಜೆ.

ಸ್ಪೆಲಿಂಗ್: ಬ್ರಿಟಿಷರ ರಿಗರ್‌ನಲ್ಲಿ ಓ ಆದಮೇಲೆ ಯು ಬರುತ್ತದೆ, ಅಮೆರಿಕದಲ್ಲಿ ಇಲ್ಲ. ವೈದ್ಯಕೀಯ ಅರ್ಥದಲ್ಲಿ ಇಬ್ಬರೂ ಯು ಹಾಕುವುದಿಲ್ಲ. ರಿಗರಸ್‌ನಲ್ಲಿ ಜಿ ಆದಮೇಲೆ ಓ, ಆರ್, ಓ, ಯು, ಎಸ್. ಮೊದಲ ಓ ಪಕ್ಕ ಯು ಎಲ್ಲೂ ಬರುವುದಿಲ್ಲ.