ಜೊತೆಸೋಂಕಿನ ಹಿನ್ನೆಲೆ: ಒಂದೇ ದೇಹದಲ್ಲಿ ಎರಡು ವೈರಸ್‌ಗಳಿದ್ದಾಗ

ಹಾಸನ, ಬೇಲೂರು, ಸಕಲೇಶಪುರದ ಕಡೆ ಸರ್ಪಸುತ್ತು ಎಂದರೆ ಮೊದಲು ನೆನಪಾಗುವುದು ಕೆಮ್ಮಣ್ಣು. ಎದೆಯ ಅಥವಾ ಸೊಂಟದ ಒಂದು ಪಕ್ಕದಲ್ಲಿ ಪಟ್ಟಿಯಂತೆ ಏಳುವ ನೀರುಗುಳ್ಳೆಗಳ ಮೇಲೆ ಅದನ್ನು ಕಲಸಿ ಬಳಿಯುವುದು, ಹಾವಿನ ತಲೆಯೂ ಬಾಲವೂ ಕೂಡಿಕೊಂಡರೆ ಜೀವಕ್ಕೇ ಕುತ್ತು ಎಂದು ಹೆದರುವುದು ಇಂದಿಗೂ ಉಂಟು. ವಾಸ್ತವದಲ್ಲಿ ಅವು ಕೂಡಿಕೊಳ್ಳುವುದು ತೀರ ಅಪರೂಪ. ಚಿಕ್ಕಂದಿನಲ್ಲಿ 'ಅಮ್ಮ', ಅಂದರೆ ಚಿಕನ್‌ಪಾಕ್ಸ್, ಬಂದು ಹೋದ ಮೇಲೆ ಆ ವೈರಸ್ ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ಹತ್ತಾರು ವರ್ಷಗಳ ನಂತರ ಅದೇ ನರದ ದಾರಿಯಲ್ಲಿ ಹೊರಬರುತ್ತದೆ, ಆ ನರವೋ ದೇಹದ ನಡುಗೆರೆಯನ್ನು ದಾಟುವುದಿಲ್ಲ. ವೈದ್ಯರ ಗಮನ ಗುಳ್ಳೆಗಳಿಗಿಂತ ಹೆಚ್ಚಾಗಿ ರೋಗಿಯ ವಯಸ್ಸಿನ ಮೇಲಿರುತ್ತದೆ. ಅರವತ್ತು ದಾಟಿದವರಲ್ಲಿ ಸರ್ಪಸುತ್ತು ಕಂಡರೆ ಅವರು ಅಚ್ಚರಿಪಡುವುದಿಲ್ಲ. ಮೂವತ್ತರ ಆಸುಪಾಸಿನವರಲ್ಲಿ ಕಂಡರೆ, ಅದರಲ್ಲೂ ಒಂದಕ್ಕಿಂತ ಹೆಚ್ಚು ನರಗಳ ಜಾಡಿನಲ್ಲಿ ಹರಡಿದ್ದರೆ, ಎಚ್‌ಐವಿ ಪರೀಕ್ಷೆಯನ್ನೂ ಬರೆದುಕೊಡುತ್ತಾರೆ.

ಕಣ್ಣಿಗೆ ಕಾಣುವ ಒಂದು ವೈರಸ್ಸಿನ ಹಿಂದೆ ಕಾಣದ ಮತ್ತೊಂದು ಇರಬಹುದೆಂಬ ಈ ಎಚ್ಚರ ವೈದ್ಯಶಾಸ್ತ್ರಕ್ಕೆ ಸುಲಭವಾಗಿ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನ್ ವೈದ್ಯ ರಾಬರ್ಟ್ ಕಾಖ್ ಹಾಕಿಕೊಟ್ಟ ಸೂತ್ರಗಳು ಒಂದು ರೋಗಕ್ಕೆ ಒಂದು ಜೀವಾಣುವನ್ನು ಹುಡುಕುವ ಶಿಸ್ತನ್ನು ಕಲಿಸಿದವು, ಮತ್ತು ಆ ಶಿಸ್ತಿನಿಂದ ಸಿಕ್ಕ ಫಲ ಅಪಾರ. ಆದರೆ ರೋಗನಿರೋಧಕ ಶಕ್ತಿ ಕುಂದಿದ ದೇಹದಲ್ಲಿ ಈ ಲೆಕ್ಕ ಮತ್ತೆ ಮತ್ತೆ ತಪ್ಪಿತು.

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಲಾಸ್ ಏಂಜಲೀಸಿನ ಐವರು ಯುವಕರಲ್ಲಿ ಕಂಡ ಅಪರೂಪದ ನ್ಯುಮೋನಿಯಾ ಕುರಿತು ಪುಟ್ಟ ವರದಿಯೊಂದನ್ನು ಪ್ರಕಟಿಸಿತು. ಏಡ್ಸ್ ಚರಿತ್ರೆ ಆರಂಭವಾಗುವುದು ಅಲ್ಲಿಂದ. ಆ ಐವರಲ್ಲೂ ಸೈಟೊಮೆಗಲೊವೈರಸ್, ಅಂದರೆ ಸಿಎಂವಿ, ಸೋಂಕಿನ ಗುರುತು ಪ್ರಯೋಗಾಲಯದಲ್ಲಿ ದೃಢಪಟ್ಟಿತ್ತು ಎಂಬುದನ್ನು ಅನೇಕರು ಮರೆತಿದ್ದಾರೆ. ಹಾಗಾಗಿ ಆರಂಭದಲ್ಲಿ ಕೆಲವು ಸಂಶೋಧಕರು ಸಿಎಂವಿಯನ್ನೇ ಮೂಲ ಕಾರಣವೆಂದು ಶಂಕಿಸಿದ್ದರು. 1983ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಎಚ್‌ಐವಿ ಪತ್ತೆಯಾದ ಮೇಲೆ ಪಾತ್ರಗಳು ಅದಲುಬದಲಾದವು: ಸಿಎಂವಿ ದೇಹದಲ್ಲಿ ಮೊದಲಿನಿಂದಲೂ ಸುಮ್ಮನಿದ್ದ ವೈರಸ್, ಕಾವಲು ಕಾಯುವ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ಎಚ್‌ಐವಿ ನಾಶ ಮಾಡಿದಾಗ ಅದು ತಲೆ ಎತ್ತಿತ್ತು. ಸಿಡಿ4 ಕೌಂಟ್ (ರಕ್ತದಲ್ಲಿನ ಆ ಕಣಗಳ ಎಣಿಕೆ) ಐವತ್ತಕ್ಕಿಂತ ಕೆಳಗಿಳಿದವರಲ್ಲಿ ಅದು ಕಣ್ಣಿನ ಅಕ್ಷಿಪಟಲವನ್ನೇ ತಿಂದು ಕುರುಡಾಗಿಸಬಲ್ಲದು. ಭಾರತದಲ್ಲಿ 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡ ಮೊದಲ ಎಚ್‌ಐವಿ ಸೋಂಕುಗಳನ್ನು ಗುರುತಿಸಿದಾಗ ಈ ತಿಳಿವಳಿಕೆ ಇನ್ನೂ ಹೊಸದು.

ಎಚ್‌ಐವಿ ಬಾಗಿಲು ತೆರೆಯುತ್ತದೆ, ಉಳಿದವು ಒಳಗೆ ಬರುತ್ತವೆ ಎಂಬಷ್ಟಕ್ಕೆ ಮಾತು ಮುಗಿಯಲಿಲ್ಲ. ಎಚ್‌ಐವಿ ಬೆಳೆಯಬೇಕಾದರೆ ಅದು ಹೊಕ್ಕಿರುವ ಕಣ ಎಚ್ಚರಗೊಂಡಿರಬೇಕು. ಬೇರೊಂದು ಸೋಂಕಿನಿಂದ ಉಂಟಾಗುವ ಉರಿಯೂತ ಆ ಕಣವನ್ನು ಎಚ್ಚರಿಸುತ್ತದೆ. ಜನನಾಂಗದ ಹರ್ಪಿಸ್ ಹುಣ್ಣಿಗೆ ಸಿಡಿ4 ಕಣಗಳೇ ಗುಂಪಾಗಿ ಬಂದು ಸೇರುವುದರಿಂದ ಅಲ್ಲಿ ಎಚ್‌ಐವಿ ಅಂಟುವುದೂ ಸುಲಭ, ಹರಡುವುದೂ ಸುಲಭ. ಹಾಗಾದರೆ ಹರ್ಪಿಸ್ ಅಡಗಿಸುವ ಅಸೈಕ್ಲೊವಿರ್ ಕೊಟ್ಟರೆ ಎಚ್‌ಐವಿಯೂ ತಗ್ಗಬೇಕಲ್ಲವೇ? ಆಫ್ರಿಕಾದ ಏಳು ದೇಶಗಳ ಸುಮಾರು 3,400 ದಂಪತಿಗಳಲ್ಲಿ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2010ರಲ್ಲಿ ಹೊರಬಿತ್ತು. ರಕ್ತದಲ್ಲಿನ ಎಚ್‌ಐವಿ ಪ್ರಮಾಣ ಸುಮಾರು ಶೇ 40ರಷ್ಟು ಇಳಿದಿತ್ತು, ರೋಗ ಉಲ್ಬಣಿಸುವುದೂ ಸ್ವಲ್ಪ ನಿಧಾನವಾಗಿತ್ತು, ಆದರೆ ಸಂಗಾತಿಗೆ ಸೋಂಕು ದಾಟುವುದು ಮಾತ್ರ ಕಡಿಮೆಯಾಗಲಿಲ್ಲ. ಪ್ರಯೋಗಾಲಯದಲ್ಲಿ ಸ್ಪಷ್ಟವಾಗಿ ಕಾಣುವ ನಂಟು ರೋಗಿಯ ಬದುಕಿನಲ್ಲಿ ಅಷ್ಟೇ ಸ್ಪಷ್ಟವಾಗಿ ಫಲ ಕೊಡಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಪೋಸಿ ಸಾರ್ಕೋಮದ ಕಥೆ ಇನ್ನೂ ಹಳೆಯದು. 1872ರಲ್ಲಿ ವಿಯೆನ್ನಾದ ಮೋರಿಟ್ಸ್ ಕಪೋಸಿ ವಿವರಿಸಿದ ಈ ಚರ್ಮದ ಗಂತಿ ಮೆಡಿಟರೇನಿಯನ್ ತೀರದ ವೃದ್ಧರಲ್ಲಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತಿತ್ತು; ಏಡ್ಸ್ ಬಂದವರಲ್ಲಿ ಅದೇ ಗಂತಿ ತಿಂಗಳುಗಳಲ್ಲಿ ಮೈತುಂಬ ಹರಡಿತು. ಅದಕ್ಕೆ ಕಾರಣವಾದ ಹರ್ಪಿಸ್ ಕುಲದ ವೈರಸ್ಸನ್ನು ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ 1994ರಲ್ಲಿ ಪತ್ತೆ ಮಾಡಿದರು. ನಮ್ಮ ದೇಶದಲ್ಲಿ ಈ ಕಾಯಿಲೆ ಅಪರೂಪ.

ವೈರಸ್‌ಗಳು ಯಾವಾಗಲೂ ಕೈಜೋಡಿಸುತ್ತವೆ ಎಂದೂ ಹೇಳುವಂತಿಲ್ಲ. ಒಂದು ವೈರಸ್ ಇದ್ದಾಗ ಇನ್ನೊಂದು ಬೆಳೆಯದಿರುವ ವಿಚಿತ್ರವನ್ನು ಬೆನ್ನಟ್ಟಿದ ವಿಜ್ಞಾನಿಗಳಾದ ಐಸಾಕ್ಸ್ ಮತ್ತು ಲಿಂಡೆನ್‌ಮನ್ 1957ರಲ್ಲಿ ಇಂಟರ್‌ಫೆರಾನ್ ಎಂಬ, ವೈರಸ್ ಬೆಳೆಯದಂತೆ ತಡೆಯುವ ದೇಹದ್ದೇ ವಸ್ತುವನ್ನು ಕಂಡುಹಿಡಿದರು. ಜಾಂಬಿಯಾದ ಲುಸಾಕಾದಲ್ಲಿ ಎಚ್‌ಐವಿ ಇದ್ದ ಮಕ್ಕಳಿಗೆ ದಡಾರ ಬಂದಾಗ, ಅದರ ಉಗ್ರ ಹಂತದಲ್ಲಿ ಎಚ್‌ಐವಿ ಪ್ರಮಾಣ ತಾತ್ಕಾಲಿಕವಾಗಿ ಇಳಿದದ್ದು 2002ರಲ್ಲಿ ವರದಿಯಾಯಿತು. ಇನ್ನೂ ಕುತೂಹಲಕರವಾದದ್ದು 1995ರಲ್ಲಿ ಪತ್ತೆಯಾದ ಜಿಬಿ ವೈರಸ್-ಸಿ. ಇದು ತಾನಾಗಿ ಯಾವ ರೋಗವನ್ನೂ ತರುವಂತೆ ಕಾಣುವುದಿಲ್ಲ. 2001ರಲ್ಲಿ ಅಮೆರಿಕದಲ್ಲಿ 362 ಎಚ್‌ಐವಿ ರೋಗಿಗಳನ್ನು ಗಮನಿಸಿದಾಗ, ಈ ವೈರಸ್ ಜೊತೆಗಿದ್ದವರಲ್ಲಿ ಶೇ 28.5ರಷ್ಟು, ಇಲ್ಲದವರಲ್ಲಿ ಶೇ 56.4ರಷ್ಟು ಮಂದಿ ಮರಣ ಹೊಂದಿದ್ದರು.

ಆದರೆ ಹಾಸನದಂಥ ಜಿಲ್ಲೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರಕ್ಕೆ ಇವೆಲ್ಲಕ್ಕಿಂತ ಹತ್ತಿರದ ಸಂಗತಿ ಹೆಪಟೈಟಿಸ್ ಬಿ. ಈ ವೈರಸ್ ಯಕೃತ್ತಿನ ಕಣಗಳನ್ನು ತಾನಾಗಿ ಕೊಲ್ಲುವುದು ಕಡಿಮೆ. ಸೋಂಕಿತ ಕಣಗಳನ್ನು ಕೊಲ್ಲುವುದು ಬಹುಮಟ್ಟಿಗೆ ನಮ್ಮದೇ ರೋಗನಿರೋಧಕ ಪಡೆ. ಆದ್ದರಿಂದ ಎಚ್‌ಐವಿಯಿಂದ ಆ ಪಡೆ ಸೋತಿರುವಾಗ ರಕ್ತದಲ್ಲಿ ಹೆಪಟೈಟಿಸ್ ಬಿ ತುಂಬಿ ತುಳುಕುತ್ತಿದ್ದರೂ ಯಕೃತ್ತಿನ ಹಾನಿಯನ್ನು ತೋರಿಸುವ ಎಸ್‌ಜಿಪಿಟಿ ವರದಿ ಹೆಚ್ಚು ಏರದೆ ಇರಬಹುದು. ಚಿಕಿತ್ಸೆ ಆರಂಭಿಸಿ ಕೆಲವು ವಾರಗಳಾಗಿ ಸಿಡಿ4 ಏರತೊಡಗಿದಾಗ, ಚೇತರಿಸಿಕೊಂಡ ಪಡೆ ಯಕೃತ್ತಿನ ಮೇಲೆ ಬೀಳುತ್ತದೆ, ಎಸ್‌ಜಿಪಿಟಿ ಒಮ್ಮೆಲೇ ಜಿಗಿಯುತ್ತದೆ, ಕೆಲವೊಮ್ಮೆ ಕಣ್ಣು ಹಳದಿಯಾಗುತ್ತದೆ. ಮನೆಯವರಿಗೆ ಇದು 'ಮಾತ್ರೆ ಉಷ್ಣವಾಗಿ ಕಾಮಾಲೆ ಬಂತು' ಎಂದು ಕಾಣುವುದು ಸಹಜ. ಮಲೆನಾಡಿನಲ್ಲಿ ಕಾಮಾಲೆಗೆ ನಾಟಿ ಔಷಧಿ ಕೊಡುವವರಿಗೆ ಕೊರತೆಯಿಲ್ಲ. ಪಥ್ಯ ಶುರುವಾಗುತ್ತದೆ, ಮಾತ್ರೆ ನಿಲ್ಲುತ್ತದೆ. ಹಾಗೆಂದು ಮನೆಯವರ ಅನುಮಾನವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ, ಏಕೆಂದರೆ ಹಿಂದೆ ವ್ಯಾಪಕವಾಗಿ ಬಳಕೆಯಲ್ಲಿದ್ದ ಎಚ್‌ಐವಿ ಔಷಧಿ ನೆವಿರಪಿನ್ ಮತ್ತು ಕ್ಷಯದ ಕೆಲವು ಔಷಧಿಗಳು ನಿಜವಾಗಿಯೂ ಯಕೃತ್ತಿಗೆ ತೊಂದರೆ ಕೊಡುತ್ತವೆ, ಮತ್ತು ಯಾವುದು ಕಾರಣವೆಂದು ಬಿಡಿಸುವುದು ಅನುಭವಿ ವೈದ್ಯರಿಗೂ ಕಷ್ಟ.

ಭಾರತ ಸರ್ಕಾರ 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ ಆರಂಭಿಸಿದಾಗ ಕೊಡುತ್ತಿದ್ದ ಮೂರು ಔಷಧಿಗಳಲ್ಲಿ ಲ್ಯಾಮಿವುಡಿನ್ ಒಂದು. ಅದು ಎಚ್‌ಐವಿಯನ್ನೂ ಹೆಪಟೈಟಿಸ್ ಬಿಯನ್ನೂ ತಡೆಯುತ್ತದೆ. ಎಚ್‌ಐವಿಯ ಎದುರು ಮೂರು ಮದ್ದುಗಳು ಒಟ್ಟಿಗೆ ನಿಂತಿದ್ದವು. ಎರಡೂ ಸೋಂಕು ಇದ್ದವರಲ್ಲಿ ಹೆಪಟೈಟಿಸ್ ಬಿಯ ಎದುರು ನಿಂತಿದ್ದದ್ದು ಲ್ಯಾಮಿವುಡಿನ್ ಒಂದೇ. ಒಂಟಿ ಮದ್ದಿಗೆ ಆ ವೈರಸ್ ಬೇಗ ಒಗ್ಗಿಕೊಳ್ಳುತ್ತದೆ. ಇಂಥವರಲ್ಲಿ ನಾಲ್ಕು ವರ್ಷಗಳೊಳಗೆ ಬಹುಪಾಲು ಮಂದಿಯ ಹೆಪಟೈಟಿಸ್ ಬಿ ಲ್ಯಾಮಿವುಡಿನ್ನಿಗೆ ಬಗ್ಗದಂತಾಗುತ್ತದೆಂದು ವಿದೇಶಿ ಅಧ್ಯಯನಗಳು 1990ರ ದಶಕದ ಕೊನೆಯಲ್ಲೇ ತೋರಿಸಿದ್ದವು. ಒಂದು ವೈರಸ್ಸಿಗೆ ಕೊಟ್ಟ ಮದ್ದು ಸದ್ದಿಲ್ಲದೆ ಇನ್ನೊಂದನ್ನು ಗಟ್ಟಿ ಮಾಡುತ್ತಿತ್ತು. ಟೆನೊಫೊವಿರ್ ಬಂದ ಮೇಲೆ ಈ ತೊಡಕು ಬಗೆಹರಿಯಿತು. ಈಗ ಕೇಂದ್ರಗಳಲ್ಲಿ ದಿನಕ್ಕೊಂದರಂತೆ ಕೊಡುವ ಟಿಎಲ್‌ಡಿ ಮಾತ್ರೆಯಲ್ಲಿ 300 ಮಿಲಿಗ್ರಾಂ ಟೆನೊಫೊವಿರ್, 300 ಮಿಲಿಗ್ರಾಂ ಲ್ಯಾಮಿವುಡಿನ್ ಮತ್ತು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಇರುತ್ತವೆ. ಇವುಗಳಲ್ಲಿ ಮೊದಲ ಎರಡು ಹೆಪಟೈಟಿಸ್ ಬಿಯನ್ನೂ ಹಿಡಿದಿಟ್ಟಿರುತ್ತವೆ. ಕಾಫಿ ಕೊಯ್ಲಿಗೆಂದು ತೋಟದಿಂದ ತೋಟಕ್ಕೆ ಹೋಗುವ ಕೂಲಿಕಾರರು ಮಾತ್ರೆ ಮುಗಿದು ಒಂದೆರಡು ತಿಂಗಳು ಸುಮ್ಮನಿದ್ದುಬಿಟ್ಟರೆ ಎಚ್‌ಐವಿ ಮರಳುವುದು ಮಾತ್ರವಲ್ಲ, ಹೆಪಟೈಟಿಸ್ ಬಿ ಕೆರಳಿ ಯಕೃತ್ತು ಏಕಾಏಕಿ ವಿಫಲವಾಗುವ ಅಪಾಯವೂ ಇರುತ್ತದೆ.

ಇದೇ ಬಗೆಯ ಪಾಠ ಹೆಪಟೈಟಿಸ್ ಸಿ ಕಡೆಯಿಂದಲೂ ಬಂತು. ಬಿ ಮತ್ತು ಸಿ ಎರಡೂ ಇರುವ ಯಕೃತ್ತಿನಲ್ಲಿ ಸಾಮಾನ್ಯವಾಗಿ ಸಿ ಮೇಲುಗೈ ಪಡೆದು ಬಿಯನ್ನು ಅದುಮಿಟ್ಟಿರುತ್ತದೆ. ಸಿಯನ್ನು ಮೂರು ತಿಂಗಳಲ್ಲಿ ಗುಣಪಡಿಸುವ ಹೊಸ ಮಾತ್ರೆಗಳು ಬಂದಾಗ ಅದುಮಿದ ಕೈ ತೆಗೆದಂತಾಗಿ ಬಿ ಕೆಲವರಲ್ಲಿ ಕೆರಳಿತು. 2016ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ 24 ಪ್ರಕರಣಗಳನ್ನು ಮುಂದಿಟ್ಟು, ಅವುಗಳಲ್ಲಿ ಇಬ್ಬರು ಸತ್ತಿದ್ದರಿಂದ, ಆ ಮಾತ್ರೆಗಳ ಮೇಲೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸುವಂತೆ ಆದೇಶಿಸಿತು. ನಮ್ಮಲ್ಲಿ 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಸಿ ಚಿಕಿತ್ಸೆ ಉಚಿತ. ಮಾತ್ರೆ ಶುರುಮಾಡುವ ಮುನ್ನ ಬಿ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕಾಗಿರುವುದು ಈ ಕಾರಣಕ್ಕೆ.

ಕಿಡ್ನಿ ಕಸಿ ಮಾಡಿಸಿಕೊಂಡವರ ಪಾಡು ಇದಕ್ಕಿಂತ ಭಿನ್ನ, ಏಕೆಂದರೆ ಅವರ ನಿರೋಧಕ ಶಕ್ತಿಯನ್ನು ಕುಗ್ಗಿಸುತ್ತಿರುವುದು ವೈರಸ್ಸಲ್ಲ, ಕಸಿಯನ್ನು ಉಳಿಸುವ ಔಷಧಿ. 1954ರಲ್ಲಿ ಬಾಸ್ಟನ್ನಿನಲ್ಲಿ ಯಶಸ್ವಿಯಾದ ಮೊದಲ ಕಿಡ್ನಿ ಕಸಿ ತದ್ರೂಪಿ ಅವಳಿಗಳ ನಡುವಿನದಾದ್ದರಿಂದ ಆ ಔಷಧಿಯ ಅಗತ್ಯವೇ ಬೀಳಲಿಲ್ಲ. ಮುಂದೆ ಅದು ಅನಿವಾರ್ಯವಾದಾಗ ಸಿಎಂವಿ ಮತ್ತು, 1971ರಲ್ಲಿ ಕಸಿಯಾದ ರೋಗಿಯೊಬ್ಬರ ಮೂತ್ರದಲ್ಲಿ ಮೊದಲು ಸಿಕ್ಕ, ಬಿಕೆ ವೈರಸ್ ಎದುರಾದವು. ಸಿಎಂವಿ ತಾನು ತರುವ ಜ್ವರ, ಭೇದಿಗಳಷ್ಟೇ ಅಲ್ಲದೆ ನಿರೋಧಕ ಶಕ್ತಿಯನ್ನು ಇನ್ನಷ್ಟು ಕುಗ್ಗಿಸಿ ಬೇರೆ ಸೋಂಕುಗಳಿಗೂ ಎಡೆಮಾಡಿಕೊಡುತ್ತದೆ. ಅದಕ್ಕೆ ಗ್ಯಾನ್‌ಸೈಕ್ಲೊವಿರ್ ಉಂಟು. ಬಿಕೆ ವೈರಸ್ಸಿಗೆ ಅಂಥ ನೆಚ್ಚಬಹುದಾದ ಔಷಧಿ ಇಲ್ಲವಾದ್ದರಿಂದ ವೈದ್ಯರು ನಿರೋಧಕ ಶಕ್ತಿ ಕುಗ್ಗಿಸುವ ಔಷಧಿಯನ್ನೇ ಇಳಿಸುತ್ತಾರೆ. ತೀರ ಇಳಿಸಿದರೆ ದೇಹ ಕಿಡ್ನಿಯನ್ನು ತಿರಸ್ಕರಿಸುತ್ತದೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕಸಿ ಮಾಡಿಸಿಕೊಂಡು ಊರಿಗೆ ಮರಳಿದವರನ್ನು ತಿಂಗಳು ತಿಂಗಳು ರಕ್ತಪರೀಕ್ಷೆಗೆ ಕರೆಯುವುದು ಕಿಡ್ನಿಯ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ ನೋಡುವುದಕ್ಕೆ ಮಾತ್ರವಲ್ಲ. ಔಷಧಿಯ ಮಟ್ಟ ಎಷ್ಟಿದೆ, ವೈರಸ್ ಎಷ್ಟಿದೆ ಎಂಬೆರಡನ್ನೂ ಜೊತೆಯಲ್ಲಿಟ್ಟು ನೋಡಿಯೇ ಮುಂದಿನ ತಿಂಗಳ ಡೋಸನ್ನು ಬರೆಯಲಾಗುತ್ತದೆ.