ಟ್ಯೂಬಿನಲ್ಲಿ ಗೆದ್ದ ಔಷಧ, ಮೈಯಲ್ಲಿ ಸೋತಾಗ

ಸೇಡಂನಿಂದಲೋ ಶಹಾಪುರದಿಂದಲೋ ಕಲಬುರಗಿಯ ದೊಡ್ಡ ದವಾಖಾನೆಗೆ ಬಂದವರ ಕೈಯಲ್ಲಿ ಎಷ್ಟೋ ಸಲ ಯೂರಿನ್ ಕಲ್ಚರ್ ರಿಪೋರ್ಟ್, ಅಂದರೆ ಮೂತ್ರದಲ್ಲಿನ ರೋಗಾಣು ಬೆಳೆಸಿ ಔಷಧ ಪರೀಕ್ಷಿಸಿದ ವರದಿ, ಇರುತ್ತದೆ. ಒಂದೊಂದು ಆ್ಯಂಟಿಬಯೋಟಿಕ್ ಮುಂದೆ 'ಎಸ್' ಅಥವಾ 'ಆರ್'. ಎಸ್ ಅಂದರೆ ಔಷಧ ನಾಟುತ್ತದೆ, ಆರ್ ಅಂದರೆ ಇಲ್ಲ. ಎರಡು ಮೂರು ದಿನದಲ್ಲಿ ಗೊತ್ತಾಗುತ್ತದೆ. ಯಾವ ರೋಗಾಣುವಿಗಾದರೂ ಹೀಗೇ ರಿಪೋರ್ಟ್ ಬರುತ್ತದೆ ಅಂದುಕೊಂಡಿರುತ್ತೇವೆ, ಅಲ್ವಾ? ಆದರೆ ಉಣ್ಣಿ ಕಚ್ಚಿ ಬರುವ ಲೈಮ್ ರೋಗದ ಬ್ಯಾಕ್ಟೀರಿಯಾ ಈ ಲೆಕ್ಕಕ್ಕೆ ಸಿಗುವುದಿಲ್ಲ.

ಇದು ನಮ್ಮ ಭಾಗದಲ್ಲಿ ಕಾಣುವ ಕಾಯಿಲೆಯಲ್ಲ. ಬೀದರ್ ಕಡೆಯ ದೇವಣಿ ದನಗಳಿಗೂ ಉಣ್ಣಿ ಹತ್ತುತ್ತವೆ, ನಿಜ. ಆದರೆ ಲೈಮ್ ಹರಡುವ ಇಕ್ಸೋಡಿಸ್ ಉಣ್ಣಿಯ ಕುಲವೇ ಬೇರೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಊರಲ್ಲಿ ಮಕ್ಕಳ ಮೊಣಕಾಲು ಬಾವು ಬರುತ್ತಿದ್ದವು. 1975ರಲ್ಲಿ ಅಲ್ಲಿನ ತಾಯಂದಿರು ಪಟ್ಟು ಹಿಡಿದು ಕೇಳಿದ ಮೇಲೆ ತನಿಖೆ ಶುರುವಾಯಿತು. ಉಣ್ಣಿಯ ಹೊಟ್ಟೆಯಲ್ಲಿ ವಿಜ್ಞಾನಿ ವಿಲ್ಲಿ ಬರ್ಗ್‌ಡಾರ್ಫರ್ ಕಂಡ ಸುರುಳಿಯಾಕಾರದ ಬ್ಯಾಕ್ಟೀರಿಯಾದ ಸುದ್ದಿ 1982ರಲ್ಲಿ ಪ್ರಕಟವಾಯಿತು. ಅದಕ್ಕೆ ಬೊರೇಲಿಯಾ ಬರ್ಗ್‌ಡಾರ್ಫೆರಿ ಎಂದು ಅವರದೇ ಹೆಸರಿಟ್ಟರು.

ತೊಂದರೆ ಶುರುವಾಗಿದ್ದು ಅದನ್ನು ಬೆಳೆಸುವಾಗ. ಮೂತ್ರದ ಸೋಂಕು ತರುವ ಇ-ಕೋಲಿ ಬ್ಯಾಕ್ಟೀರಿಯಾ ಒಳ್ಳೆಯ ಆಹಾರ ಸಿಕ್ಕರೆ 20 ನಿಮಿಷಕ್ಕೆ ಎರಡಾಗುತ್ತದೆ. ಬೊರೇಲಿಯಾಕ್ಕೆ ಸುಮಾರು 12 ಗಂಟೆ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಮೊಲದ ರಕ್ತದ ಸೀರಮ್ ಬೆರೆಸಿದ ದ್ರವದಲ್ಲಿ, 33-34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ವಾರಗಟ್ಟಲೆ ಕಾಯಬೇಕು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಅದು ಮಿಸುಕಾಡುತ್ತಿದೆಯೋ ಇಲ್ಲವೋ ನೋಡಬೇಕು. ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್ ಥರದ ಔಷಧಗಳು ಬ್ಯಾಕ್ಟೀರಿಯಾ ಗೋಡೆ ಕಟ್ಟಿಕೊಳ್ಳುವಾಗ ಅದನ್ನು ಹೊಡೆಯುತ್ತವೆ. ಬೆಳೆಯುವುದೇ ನಿಧಾನವಾದರೆ ಸಾಯುವುದೂ ನಿಧಾನ. ಇವತ್ತು ಬೆಳವಣಿಗೆ ನಿಂತಿದೆ ಎಂದು ಬರೆದಿಟ್ಟ ಟ್ಯೂಬಿನಲ್ಲಿ, ಔಷಧ ತೆಗೆದ ಮೇಲೆ ಮತ್ತೆ ಜೀವ ಕಾಣಬಹುದು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಎರಿತ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್‌ನ ಕಥೆ. ಟ್ಯೂಬಿನಲ್ಲಿ ಅದು ತೀರಾ ಸಣ್ಣ ಪ್ರಮಾಣದಲ್ಲೇ ಬೊರೇಲಿಯಾವನ್ನು ತಡೆದಿತ್ತು. ರೋಗಿಗಳಿಗೆ ಕೊಟ್ಟಾಗ ಮಾತ್ರ ಡಾಕ್ಸಿಸೈಕ್ಲಿನ್, ಅಮಾಕ್ಸಿಸಿಲಿನ್‌ನಷ್ಟು ಗುಣ ಕಾಣಲಿಲ್ಲ. ಹಾಗಾಗಿ ಲೈಮ್‌ಗೆ ಅದು ಮೊದಲ ಆಯ್ಕೆಯಾಗಲೇ ಇಲ್ಲ.

2014ರ ಹೊತ್ತಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಬೆಳವಣಿಗೆ ನಿಲ್ಲಿಸಿ ಕೂತ ಬೊರೇಲಿಯಾ ಮೇಲೆ ಹಳೆಯ ಔಷಧಗಳನ್ನೆಲ್ಲ ಸಾಲಾಗಿ ಪ್ರಯೋಗಿಸಿದರು. ಡಾಪ್ಟೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಚೆನ್ನಾಗಿ ಕೆಲಸ ಮಾಡಿತು. ಲೈಮ್ ಚಿಕಿತ್ಸೆಯ ನಂತರವೂ ಸುಸ್ತು, ನೋವಿನಿಂದ ಬಳಲುತ್ತಿದ್ದವರಿಗೆ ಇದು ದೊಡ್ಡ ಆಸೆ ಹುಟ್ಟಿಸಿತು. ಅವರ ಸಂಕಟ ಸುಳ್ಳಲ್ಲ. ಆದರೆ ಟ್ಯೂಬಿನಲ್ಲಿ ಉಳಿದ ಬ್ಯಾಕ್ಟೀರಿಯಾವೇ ಆ ನೋವಿಗೆ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. 2016ರಲ್ಲಿ ನೆದರ್‌ಲ್ಯಾಂಡ್ಸ್‌ನ ಪರೀಕ್ಷೆಯೊಂದರ ಫಲಿತಾಂಶ ಬಂತು. ದೀರ್ಘಕಾಲ ನರಳುತ್ತಿದ್ದ 280 ಜನರಿಗೆ ಮೊದಲು ಎರಡು ವಾರ ಸೆಫ್ಟ್ರಿಯಾಕ್ಸೋನ್ ಕೊಟ್ಟರು. ಆಮೇಲೆ 12 ವಾರ ಕೆಲವರಿಗೆ ಆ್ಯಂಟಿಬಯೋಟಿಕ್, ಕೆಲವರಿಗೆ ಔಷಧವೇ ಇಲ್ಲದ ಗುಳಿಗೆ. ಎರಡೂ ಗುಂಪಿನವರ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.